ಕನ್ನಡಿ ಎಷ್ಟು ಅಡ್ಜಸ್ಟ್ ಮಾಡ್ಕೋಬೇಕು?

ಬೆಂಗಳೂರಿಗೆ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕಲಿಯುವ ಕನ್ನಡ ಅಂದ್ರೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದಾಗ, ಓನರ್ ಆಂಟಿ ನೀರು ಬಿಡುವ ಟೈಮು ಬದಲಾಯಿಸಿದಾಗ, ಶುಕ್ರವಾರ ಸಂಜೆ ಏಳಕ್ಕೆ ಮ್ಯಾನೇಜರ್ ಮೀಟಿಂಗ್ ಇಟ್ಟಾಗ, ಎಲ್ಲ ಕಡೆ ಅದೇ ಮಾತು. ಮಾತೇನೋ ಮೃದುವಾಗಿದೆ. ಆದ್ರೆ ಕೇಳಿಸಿಕೊಂಡವರಿಗೆ ‘ಆಗಲ್ಲ’ ಅನ್ನೋಕೆ ದಾರಿಯೇ ಉಳಿಯಲ್ಲ. ಅಂದುಬಿಟ್ಟರೆ ಗಂಟುಮುಖದವರು, ಟೀಮ್ ಜೊತೆ ಸೇರದವರು ಅನ್ನಿಸಿಕೊಳ್ಳಬೇಕು.

ಹೊಂದಿಕೊಳ್ಳೋದು ಒಳ್ಳೆಯ ಗುಣ ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಇರಬಹುದು. ಆದ್ರೆ ಎಷ್ಟು ಹೊಂದಿಕೊಂಡರೆ ಒಳ್ಳೆಯದು? ಯಾರು ಹೊಂದಿಕೊಳ್ಳಬೇಕು ಅಂತ ತೀರ್ಮಾನ ಮಾಡೋರು ಯಾರು?

ಈ ಪ್ರಶ್ನೆ ನನಗೆ ದಿನಾ ಕೆಲಸದ ಟೇಬಲ್ ಮೇಲೇ ಎದುರಾಗುತ್ತೆ. ನನ್ನ ಊರು ಹಾವೇರಿ ಹತ್ತಿರದ ಕರ್ಜಗಿ. ಹೊಟ್ಟೆಪಾಡು ಪೀಣ್ಯದಲ್ಲಿ. ಲೇಸರ್ ಉಪಕರಣಗಳ ಒಳಗೆ ಕನ್ನಡಿ, ಪ್ರಿಸಂಗಳನ್ನು ಹಿಡಿದು ನಿಲ್ಲಿಸುವ ಪುಟ್ಟ ಪುಟ್ಟ ಮೌಂಟ್‌ಗಳ ಡಿಸೈನ್ ಮಾಡ್ತೀನಿ. ಬೆಂಕಿಪೊಟ್ಟಣದಷ್ಟು ದೊಡ್ಡದಿರೋ ಒಂದು ಲೋಹದ ಚೌಕಟ್ಟು, ಅದರಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕನ್ನಡಿ, ಹಿಂದೆ ಎರಡು ಸಣ್ಣ ಸ್ಕ್ರೂ. ಸ್ಕ್ರೂ ತಿರುಗಿಸಿದರೆ ಕನ್ನಡಿ ಕೂದಲೆಳೆಯಷ್ಟು ವಾಲಬೇಕು, ಬಿಟ್ಟ ಮೇಲೆ ಅಲ್ಲೇ ನಿಲ್ಲಬೇಕು. ಇಷ್ಟೇ ಕೆಲಸ. ಹನ್ನೊಂದು ವರ್ಷದಿಂದ ಇದನ್ನೇ ಮಾಡ್ತಿದ್ದೀನಿ, ಇನ್ನೂ ಪೂರ್ತಿ ಬಂದಿದೆ ಅನ್ನೋ ಧೈರ್ಯ ಇಲ್ಲ.

ಗಾಳಿಯಲ್ಲಿ ತೇಲುತ್ತಿರುವ ಒಂದು ವಸ್ತು ಊಹಿಸಿಕೊಳ್ಳಿ. ಅದು ಆರು ರೀತಿಯಲ್ಲಿ ಅಲುಗಾಡಬಹುದು. ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಸರಿಯೋದು ಮೂರು. ಈ ಮೂರೂ ದಿಕ್ಕಿನ ಸುತ್ತ ತಿರುಗೋದು ಇನ್ನು ಮೂರು. ಸಮತಲ ಕನ್ನಡಿಯಿಂದ ಬೆಳಕನ್ನ ಬೇಕಾದ ಕಡೆ ಕಳಿಸೋಕೆ ನಮಗೆ ಬೇಕಾಗಿರೋದು ಎರಡೇ ಎರಡು: ಎಡ-ಬಲಕ್ಕೆ ಹೊರಳೋದು, ಮೇಲೆ-ಕೆಳಗೆ ವಾಲೋದು. ಉಳಿದ ನಾಲ್ಕನ್ನ ಮೌಂಟ್ ಗಟ್ಟಿಯಾಗಿ ಹಿಡಿದುಕೊಂಡಿರಬೇಕು. ಕ್ಯಾಟಲಾಗಿನಲ್ಲಿ ‘ಅಡ್ಜಸ್ಟೇಬಲ್’ ಅಂತ ದೊಡ್ಡದಾಗಿ ಬರೆದಿರ್ತಾರೆ. ಒಳಗೆ ನೋಡಿದರೆ ಆರರಲ್ಲಿ ನಾಲ್ಕಕ್ಕೆ ‘ಇಲ್ಲ’ ಅಂದ ಮೇಲೇ ಉಳಿದ ಎರಡಕ್ಕೆ ‘ಹೂಂ’ ಅಂದಿರುತ್ತೆ. ಆರೂ ದಿಕ್ಕಿಗೆ ಅಡ್ಜಸ್ಟ್ ಆಗೋ ಕನ್ನಡಿಗೆ ನಮ್ಮ ಶಾಪ್ ಫ್ಲೋರಿನಲ್ಲಿ ಬೇರೆ ಹೆಸರಿದೆ, ಕಳಚಿಕೊಂಡಿರೋ ಕನ್ನಡಿ ಅಂತ.

ಹಾಗಂತ ಎಲ್ಲಾ ಕಡೆಯಿಂದ ಬಿಗಿದು ಹಿಡಿದರೂ ಆಗಲ್ಲ. ನಮ್ಮ ಕಡೆ ಹೊಲದಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡ್ತಾರಲ್ಲ, ನೆಲ ಎಷ್ಟೇ ಅಂಕುಡೊಂಕಾಗಿದ್ದರೂ ಅದರ ಮೇಲಿನ ಪಾತ್ರೆ ಗಡಗಡ ಅನ್ನಲ್ಲ. ನಾಲ್ಕು ಕಾಲಿನ ಸ್ಟೂಲು ಅನ್ನುತ್ತೆ, ಅದಕ್ಕೆ ಒಂದು ಕಾಲಿನ ಕೆಳಗೆ ಪೇಪರ್ ಮಡಿಸಿ ಇಡಬೇಕು. 19ನೇ ಶತಮಾನದ ವಿಜ್ಞಾನಿ ವಿಲಿಯಂ ಥಾಮ್ಸನ್, ಅಂದ್ರೆ ಲಾರ್ಡ್ ಕೆಲ್ವಿನ್, ಅವರ ಹೆಸರಿನಲ್ಲಿ ಕರೆಯುವ ಒಂದು ಜೋಡಣೆ ಇದೆ, ಅದೂ ಮೂರು ಕಾಲಿನದೇ. ಮೂರೂ ಕಾಲಿನ ತುದಿ ಗುಂಡಗೆ. ಒಂದು ಕಾಲು ಶಂಕುವಿನಾಕಾರದ ಗುಳಿಯಲ್ಲಿ, ಇನ್ನೊಂದು ವಿ ಆಕಾರದ ಗೀರಿನಲ್ಲಿ, ಮೂರನೆಯದು ಸಪಾಟು ಜಾಗದಲ್ಲಿ ಕೂರುತ್ತೆ. ಮೊದಲನೆಯದು ಮೂರು ಚಲನೆ ಕಟ್ಟುತ್ತೆ, ಎರಡನೆಯದು ಎರಡು, ಮೂರನೆಯದು ಒಂದು. ಒಟ್ಟು ಆರು, ಒಂದೂ ಹೆಚ್ಚಿಲ್ಲ ಒಂದೂ ಕಮ್ಮಿ ಇಲ್ಲ. ನಮ್ಮ ಮೌಂಟ್‌ನಲ್ಲಿ ಈ ಮೂರರಲ್ಲಿ ಎರಡು ಕಾಲುಗಳೇ ಸ್ಕ್ರೂಗಳು, ಅದಕ್ಕೇ ತಿರುಗಿಸಿದಾಗ ಕನ್ನಡಿ ವಾಲೋದು.

ಏಳನೇ ಕಟ್ಟು ಹಾಕಿದರೆ ಏನಾಗುತ್ತೆ? ಒಂದು ಲೆಕ್ಕ ನೋಡಿ. 30 ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಚೌಕಟ್ಟು 20 ಡಿಗ್ರಿ ಬಿಸಿಯಾದರೆ ಸುಮಾರು 14 ಮೈಕ್ರಾನ್ ಹಿಗ್ಗುತ್ತೆ. ಅಷ್ಟೇ ಅಗಲದ ಸಾಮಾನ್ಯ ಆಪ್ಟಿಕಲ್ ಗಾಜು ಹಿಗ್ಗೋದು ಸುಮಾರು 4 ಮೈಕ್ರಾನ್. ಗಾಜನ್ನ ಸುತ್ತಲೂ ಗಮ್ ಹಾಕಿ ಬಿಗಿದಿದ್ದರೆ, ಆ 10 ಮೈಕ್ರಾನ್ ವ್ಯತ್ಯಾಸ ಗಾಜಿನ ಮೇಲೆ ಬೀಳುತ್ತೆ. ಹಸಿರು ಬೆಳಕಿನ ತರಂಗದ ಉದ್ದವೇ ಅರ್ಧ ಮೈಕ್ರಾನ್ ಚಿಲ್ಲರೆ. ಕನ್ನಡಿ ಅದರ ಹತ್ತನೇ ಒಂದು ಭಾಗ ಬಾಗಿದರೂ ಚಿತ್ರ ಕೆಡೋಕೆ ಶುರುವಾಗುತ್ತೆ. ಕನ್ನಡಿ ಒಡೆಯಲ್ಲ, ಬೀಳಲ್ಲ, ಹೊರಗಿನಿಂದ ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತೆ. ತೋರಿಸೋದು ಮಾತ್ರ ಸೊಟ್ಟ. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲ ಕಡೆಯಿಂದ ಬಿಗಿಸಿಕೊಂಡು ನಗುತ್ತಾ ಓಡಾಡುವವರನ್ನ ನೀವೂ ನೋಡಿರ್ತೀರಿ.

ಇನ್ನೊಂದು ಭಾಗ ಇದೆ, ಸ್ಪ್ರಿಂಗ್. ಸ್ಕ್ರೂ ಮುಂದಕ್ಕೆ ತಳ್ಳುತ್ತೆ, ಸ್ಪ್ರಿಂಗ್ ಎದುರಿನಿಂದ ಎಳೆದು ಹಿಡಿದಿರುತ್ತೆ. ಸ್ಪ್ರಿಂಗ್ ಇಲ್ಲದಿದ್ದರೆ ಸ್ಕ್ರೂವನ್ನ ವಾಪಸ್ ತಿರುಗಿಸಿದಾಗ ಕನ್ನಡಿ ವಾಪಸ್ ಬರೋದಿಲ್ಲ, ತಳ್ಳಿದ ಕಡೆಯೇ ಉಳಿದುಬಿಡುತ್ತೆ. ಎದುರೆಳೆತ ಇದ್ದರೇ ಹೊಂದಾಣಿಕೆಗೆ ಅಳತೆ ಸಿಗೋದು. ಟೀಮಿಗೆ ಹೊಸಬರು ಬಂದಾಗ ನಾನು ಮೊದಲು ಇದನ್ನೇ ತೋರಿಸ್ತೀನಿ. ‘ಆಗಲ್ಲ’ ಅನ್ನೋ ಶಕ್ತಿ ಇರುವವರು ‘ಆಯ್ತು’ ಅಂದಾಗ ಮಾತ್ರ ಆ ‘ಆಯ್ತು’ಗೆ ಬೆಲೆ.

ಈಗ ಕಷ್ಟದ ವಿಷಯಕ್ಕೆ ಬರ್ತೀನಿ, ಜಾಗದ ವಿಷಯ.

ಯಾವುದೇ ಉಪಕರಣದ ಲೇಔಟ್ ಮೀಟಿಂಗ್ ಹೀಗೇ ನಡೆಯೋದು. ಲೇಸರ್ ಹೊರದೇಶದಿಂದ ಬಂದಿದ್ದು, ಅದನ್ನ ಮುಟ್ಟೋ ಹಾಗಿಲ್ಲ. ಕ್ಯಾಮೆರಾ ದುಬಾರಿ, ಅದರ ಜಾಗ ಬದಲಾಗಲ್ಲ. ಡಬ್ಬದ ಅಳತೆ ಗಿರಾಕಿ ಕೊಟ್ಟಿದ್ದು. ಫ್ಯಾನು, ವೈರು, ಬೋರ್ಡು ಎಲ್ಲಾ ಕೂತ ಮೇಲೆ ಮೂಲೆಯಲ್ಲೊಂದು ಸಂದಿ ಉಳಿಯುತ್ತೆ. ‘ಇಲ್ಲೊಂದು ಕನ್ನಡಿ ಕೂರಿಸಿಬಿಡಿ, ಅಡ್ಜಸ್ಟೇಬಲ್ ಇರಲಿ’ ಅಂತಾರೆ. ಯಾಕೆ ಅಡ್ಜಸ್ಟೇಬಲ್? ಉಳಿದ ಎಲ್ಲರ ಅಳತೆಯ ತಪ್ಪುಗಳು ಕೂಡಿಕೊಂಡು ಬಂದಾಗ ಅದೆಲ್ಲವನ್ನೂ ಕೊನೆಯಲ್ಲಿ ಸರಿಮಾಡೋಕೆ ಒಬ್ಬರು ಬೇಕಲ್ಲ, ಅದಕ್ಕೆ.

ಸಂದಿ ಚಿಕ್ಕದಾದರೆ ಏನು ಕಷ್ಟ ಅಂತೀರಾ? ಸ್ಕ್ರೂ ಒಂದು ಸುತ್ತಿಗೆ ಕಾಲು ಮಿಲಿಮೀಟರ್ ಮುಂದೆ ಹೋಗುತ್ತೆ ಅಂತಿಟ್ಟುಕೊಳ್ಳಿ. ಕನ್ನಡಿ ತಿರುಗುವ ಬಿಂದುವಿನಿಂದ ಸ್ಕ್ರೂ 25 ಮಿಲಿಮೀಟರ್ ದೂರ ಇದ್ದರೆ, ಒಂದು ಸುತ್ತಿಗೆ ಕನ್ನಡಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ವಾಲುತ್ತೆ. ಕನ್ನಡಿ ಎಷ್ಟು ವಾಲುತ್ತೋ ಅದರಿಂದ ಹೊರಟ ಬೆಳಕು ಅದರ ಎರಡರಷ್ಟು ತಿರುಗುತ್ತೆ. 5 ಮೀಟರ್ ಆಚೆಯ ಗೋಡೆ ಮೇಲೆ ಚುಕ್ಕಿ 10 ಸೆಂಟಿಮೀಟರ್ ಸರಿಯುತ್ತೆ. ಈಗ ಜಾಗ ಇಲ್ಲ ಅಂತ ಆ ದೂರವನ್ನ 10 ಮಿಲಿಮೀಟರಿಗೆ ಇಳಿಸಿ. ಅದೇ ಸ್ಕ್ರೂ, ಅದೇ ಕೈ, ಅದೇ ಒಂದು ಸುತ್ತು. ಚುಕ್ಕಿ 25 ಸೆಂಟಿಮೀಟರ್ ಹಾರುತ್ತೆ. ತಿರುಗಿಸುವವರ ಕೈಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ‘ಸ್ವಲ್ಪ ತಾನೇ ತಿರುಗಿಸಿದ್ದು’ ಅಂತಾರೆ.

ನನಗೆ ಈ ಲೆಕ್ಕ ಮೈಗೆ ತಾಗಿದ್ದು ಆಫೀಸಿನಲ್ಲಿ ಅಲ್ಲ, ನನ್ನ ತಂಗಿ ವಿಷಯದಲ್ಲಿ.

ಅವಳನ್ನ ಹಾವೇರಿಗೆ ಕೊಟ್ಟಿದ್ದೇವೆ. ಕೆಲಸ ರಾಣೆಬೆನ್ನೂರಿನ ಒಂದು ಬ್ಯಾಂಕಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಎರಡು ವರ್ಷದ ಹಿಂದೆ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಯ್ತು. ಮೂರು ತಿಂಗಳು ಹಾಸಿಗೆ. ಭಾವನ ಅಂಗಡಿ ಒಂಬತ್ತಕ್ಕೆ ತೆಗೆಯಲೇಬೇಕು, ಅದು ಫಿಕ್ಸ್. ಮಾವನವರ ಊಟದ ಹೊತ್ತು ಫಿಕ್ಸ್. ಮಗನ ಟ್ಯೂಷನ್ ಫಿಕ್ಸ್. ಹೊರಗಿನವರನ್ನ ಮನೆಯೊಳಗೆ ಕೆಲಸಕ್ಕೆ ಬಿಟ್ಟುಕೊಳ್ಳಲ್ಲ ಅನ್ನೋದಂತೂ ತಲೆಮಾರಿನಿಂದ ಫಿಕ್ಸ್. ಕೊನೆಗೆ ಎಲ್ಲರೂ ಸೇರಿ ಅಂದಿದ್ದು, ‘ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಕೆಲಸ ಬಿಡು, ಆಮೇಲೆ ನೋಡೋಣ’. ನಮ್ಮವ್ವನೂ ಫೋನಿನಲ್ಲಿ ಅದನ್ನೇ ಹೇಳಿದಳು. ‘ಹೊಂದಿಕೊಂಡು ಹೋಗಬೇಕವ್ವಾ, ಸಂಸಾರ ಅಂದಮ್ಯಾಲ.’

ತಂಗಿ ನನಗೆ ಫೋನ್ ಮಾಡಿ ಅತ್ತಿದ್ದು ಇಲ್ಲ, ಸಿಟ್ಟು ಮಾಡಿದ್ದೂ ಇಲ್ಲ. ‘ಅಣ್ಣಾ, ನಾ ಹೊಂದ್ಕೊಳ್ಳಾಕ ಒಲ್ಲೆ ಅಂತ ಯಾವಾಗರ ಅಂದೀನೇನು? ನನಗೊಬ್ಬಾಕಿಗೇ ಯಾಕ ಕೇಳ್ತಾರ ಅಂತ ಅಷ್ಟ ಕೇಳಾಕತ್ತೀನಿ’ ಅಂದಳು.

ಎಲ್ಲರದ್ದೂ ಕೂತ ಮೇಲೆ ಉಳಿದ ಸಂದಿಯಲ್ಲಿ ಅವಳನ್ನ ಕೂರಿಸಿದ್ದಾರೆ. ಭಾವನಿಗೆ ಒಂದು ಗಂಟೆ ಹೆಚ್ಚುಕಮ್ಮಿ ಆದರೆ ಒಂದು ಗಂಟೆಯ ವ್ಯಾಪಾರ. ಅವಳಿಗೆ ಒಂದು ಸುತ್ತು ತಿರುಗಿಸಿದರೆ ಹೋಗೋದು ಹತ್ತು ವರ್ಷದ ಕೆಲಸ, ಮೂರು ತಿಂಗಳಾದ ಮೇಲೆ ಯಾರೂ ಕರೆದು ವಾಪಸ್ ಕೊಡಲ್ಲ. ‘ಸ್ವಲ್ಪ’ ಅನ್ನೋ ಪದ ಇಬ್ಬರಿಗೂ ಒಂದೇ, ತೋಳಿನ ಉದ್ದ ಬೇರೆ. ಹೊಂದಿಕೊಳ್ಳೋದನ್ನ ನಾವು ಆ ಒಬ್ಬರ ಸ್ವಭಾವದ ಪರೀಕ್ಷೆ ಅಂತ ಅಂದುಕೊಂಡಿದ್ದೇವೆ. ನಿಜದಲ್ಲಿ ಅದು ಲೇಔಟ್ ಮಾಡಿದವರ ಪರೀಕ್ಷೆ. ಯಾವುದು ಫಿಕ್ಸ್, ಯಾವುದು ಅಡ್ಜಸ್ಟೇಬಲ್ ಅಂತ ಯಾರೋ ಮೊದಲೇ ನಿರ್ಧಾರ ಮಾಡಿಟ್ಟಿರ್ತಾರೆ, ಆಮೇಲೆ ಅದನ್ನೇ ಸ್ವಭಾವ ಅಂತ ಕರೀತಾರೆ.

ಹಾಗಾದರೆ ಬೇರೆಯವರ ತಪ್ಪಿಗೆ ಇನ್ನೊಬ್ಬರು ಹೊಂದಿಕೊಳ್ಳೋದು ಯಾವಾಗಲೂ ಅನ್ಯಾಯವಾ? ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಹಬಲ್ ದೂರದರ್ಶಕದ ಕಥೆ ನೋಡಿ. 1990ರ ಏಪ್ರಿಲ್‌ನಲ್ಲಿ ಅದನ್ನ ಮೇಲೆ ಕಳಿಸಿದ ಮೇಲೆ ಚಿತ್ರಗಳು ಮಸುಕಾಗಿ ಬಂದವು. 2.4 ಮೀಟರಿನ ದೊಡ್ಡ ಕನ್ನಡಿಯನ್ನ ಅಂಚಿನಲ್ಲಿ ಸುಮಾರು 2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿ ಉಜ್ಜಿಬಿಟ್ಟಿದ್ದರು. ಉಜ್ಜುವಾಗ ಅಳತೆ ನೋಡುವ ಸಾಧನದಲ್ಲಿ ಒಂದು ಲೆನ್ಸ್ 1.3 ಮಿಲಿಮೀಟರ್ ತಪ್ಪು ಜಾಗದಲ್ಲಿ ಕೂತಿತ್ತು. ದೊಡ್ಡ ಕನ್ನಡಿಯನ್ನ ಬದಲಾಯಿಸೋಕೆ ಸಾಧ್ಯವೇ ಇರಲಿಲ್ಲ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಹೊಸ ಕ್ಯಾಮೆರಾ ಒಂದನ್ನು ಹಾಕಿದರು. ಉಳಿದ ಉಪಕರಣಗಳ ಮುಂದೆ ನಾಣ್ಯದ ಗಾತ್ರದ ಪುಟ್ಟ ಕನ್ನಡಿಗಳನ್ನ ಚಾಚಿ ನಿಲ್ಲಿಸುವ ಒಂದು ಸಾಧನವನ್ನೂ ಕೂರಿಸಿದರು. ಅದಕ್ಕೆ ಜಾಗ ಮಾಡಲು ಚೆನ್ನಾಗೇ ಇದ್ದ ಒಂದು ಉಪಕರಣವನ್ನ ಹೊರಗೆ ತೆಗೆಯಬೇಕಾಯ್ತು. ದೊಡ್ಡದರ ತಪ್ಪನ್ನ ಚಿಕ್ಕವು ಹೊತ್ತವು. ಆದರೆ ಅಲ್ಲೊಂದು ವ್ಯತ್ಯಾಸ ಇತ್ತು. ಅದಕ್ಕೂ ಮೊದಲೇ ಸಮಿತಿ ಕೂತು, ತಪ್ಪು ಎಲ್ಲಾಯ್ತು, ಎಷ್ಟಾಯ್ತು, ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ ಅಂತ ಬರೆದು ಲೋಕಕ್ಕೆ ಹೇಳಿತ್ತು. ಪುಟ್ಟ ಕನ್ನಡಿಗಳನ್ನ ಎಷ್ಟು ಬಾಗಿಸಿ ಮಾಡಬೇಕು ಅನ್ನೋ ಅಳತೆ ಸಿಕ್ಕಿದ್ದೇ ಆ ಪ್ರಾಮಾಣಿಕತೆಯಿಂದ. ತಪ್ಪಿನ ಹೆಸರು ಹೇಳಿ ಕೇಳಿದರೆ ಅದು ರಿಪೇರಿ. ಹೇಳದೆ ಕೇಳಿದರೆ, ತಪ್ಪು ಮುಚ್ಚಿಡೋಕೆ ಇನ್ನೊಬ್ಬರನ್ನ ಬಗ್ಗಿಸಿದ ಹಾಗೆ.

ಇದನ್ನೆಲ್ಲ ಕೇಳಿದ ಒಬ್ಬ ಸಹೋದ್ಯೋಗಿ, ‘ಹಂಗಾದ್ರೆ ಯಾರಿಗೂ ಅಡ್ಜಸ್ಟ್ ಆಗದೆ ಇರೋದೇ ಬೆಸ್ಟ್ ಅಲ್ವಾ ಸರ್?’ ಅಂತ ಕೇಳಿದ. ಅಂಥ ವಸ್ತುವೂ ಇದೆ, ಅದು ನನಗೆ ತುಂಬಾ ಇಷ್ಟ. ಮೂರು ಮುಖಗಳು ಒಂದಕ್ಕೊಂದು ಕರಾರುವಾಕ್ಕಾಗಿ 90 ಡಿಗ್ರಿಯಲ್ಲಿರುವ ಮೂಲೆ ಪ್ರಿಸಂ. ಯಾವ ಕೋನದಿಂದ ಬೆಳಕು ಒಳಗೆ ಬಂದರೂ ಮೂರು ಸಲ ಪುಟಿದು ಬಂದ ದಿಕ್ಕಿಗೇ ವಾಪಸ್ ಹೋಗುತ್ತೆ. ಅದನ್ನ ಸ್ವಲ್ಪ ಸೊಟ್ಟ ಇಟ್ಟರೂ ಪರವಾಗಿಲ್ಲ, ಸ್ಕ್ರೂ ಬೇಡ, ಸ್ಪ್ರಿಂಗ್ ಬೇಡ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೆ ನಾಸಾದ ಇಂಥ 8 ಪ್ರಿಸಂಗಳ ಒಂದು ಪುಟ್ಟ ಗುಮ್ಮಟ ಇದೆ, ಅಗಲ ಸುಮಾರು 5 ಸೆಂಟಿಮೀಟರ್. ಲ್ಯಾಂಡರ್ ಕೆಲಸ ಮುಗಿಸಿ ಮಲಗಿ ಎಷ್ಟೋ ದಿನಗಳಾದ ಮೇಲೆ, 2023ರ ಡಿಸೆಂಬರ್ 12ರಂದು, ಸುಮಾರು 100 ಕಿಲೋಮೀಟರ್ ದೂರದಲ್ಲಿ ಚಂದ್ರನನ್ನ ಸುತ್ತುತ್ತಿದ್ದ ನಾಸಾದ ನೌಕೆ ಅದರ ಮೇಲೆ ಲೇಸರ್ ಬಿಟ್ಟಿತು. ಬೆಳಕು ವಾಪಸ್ ಬಂತು. ಕರೆಂಟೂ ಇಲ್ಲ, ಆರೈಕೆಯೂ ಇಲ್ಲ, ಒಳಗಿನ ಕೋನ ಮಾತ್ರ ಸರಿಯಾಗಿದೆ.

ಆದರೆ ಆ ಹುಡುಗನಿಗೆ ಇನ್ನೊಂದು ಮಾತೂ ಹೇಳಿದೆ. ಈ ಪ್ರಿಸಂ ಬೆಳಕು ಕೊಟ್ಟವರಿಗೇ ಬೆಳಕು ವಾಪಸ್ ಕೊಡುತ್ತೆ, ಅಷ್ಟೇ. ಒಬ್ಬರ ಬೆಳಕನ್ನ ಇನ್ನೊಬ್ಬರ ಕಡೆ ತಿರುಗಿಸಬೇಕು ಅಂದ್ರೆ ವಾಲೋ ಕನ್ನಡಿಯೇ ಬೇಕು. ಯಾರಿಗೂ ಹೊಂದಿಕೊಳ್ಳದೆ ಬದುಕೋದು ಸಾಧ್ಯ, ಅದರಲ್ಲಿ ಒಂದು ಘನತೆಯೂ ಇದೆ. ಆದರೆ ಇಬ್ಬರ ನಡುವೆ ನಿಂತು ಏನಾದರೂ ದಾಟಿಸೋ ಕೆಲಸ ಅದರಿಂದ ಆಗಲ್ಲ. ತಾಯಿ, ಟೀಮ್ ಲೀಡ್, ನರ್ಸು, ಮೇಷ್ಟ್ರು, ಇವರೆಲ್ಲ ಮಾಡೋದು ಅದೇ ಕೆಲಸ. ಅದಕ್ಕೇ ಹೊಂದಿಕೊಳ್ಳೋದನ್ನ ಬಿಡು ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ.

ಹೊಂದಿಕೊಂಡ ಮೇಲೆ ಮಾಡಬೇಕಾದ ಕೆಲಸವೂ ಒಂದಿದೆ, ಲಾಕ್ ಮಾಡೋದು. ಆದಿತ್ಯ-ಎಲ್1ರಲ್ಲಿರುವ ವೆಲ್ಕ್ ಅನ್ನೋ ಉಪಕರಣವನ್ನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ಇಲ್ಲೇ ಹೊಸಕೋಟೆಯ ಕ್ರೆಸ್ಟ್ ಆವರಣದಲ್ಲಿ ಜೋಡಿಸಿದ್ದು. ಸೂರ್ಯನ ಬಿಂಬದ ಮುಂದೆ ಅದರ ಸುತ್ತಲಿನ ಕರೋನಾದ ಬೆಳಕು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅದಕ್ಕೇ ಒಳಗಿನ ಒಂದು ಕನ್ನಡಿಗೆ ನಡುವೆ ತೂತು ಇಟ್ಟಿದ್ದಾರೆ. ಬಿಂಬದ ಬೆಳಕು ಆ ತೂತಿನಿಂದ ಆಚೆ ಹೋಗುತ್ತೆ, ಕರೋನಾದ ಬೆಳಕು ಮುಂದಕ್ಕೆ ಸಾಗುತ್ತೆ. ಅಂಥದ್ದರಲ್ಲಿ ಕನ್ನಡಿ ಕೊಂಚ ಜರುಗಿದರೂ ಬೇಡದ ಬೆಳಕು ಬೇಕಾದ್ದನ್ನ ನುಂಗಿಬಿಡುತ್ತೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ 2024ರ ಜನವರಿ 6ರಂದು 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು. ಅಲ್ಲಿಗೆ ಸ್ಕ್ರೂ ಡ್ರೈವರ್ ಹಿಡಿದು ಯಾರೂ ಹೋಗಲ್ಲ. ಬಾಹ್ಯಾಕಾಶಕ್ಕೆ ಹೋಗುವ ಉಪಕರಣಗಳನ್ನ ನೆಲದ ಮೇಲೇ ಹೊಂದಿಸಿ, ಬಿಗಿದು, ಅಲುಗಾಡಿಸಿ ನೋಡಿ, ಮತ್ತೆ ಅಳೆದು ಕಳಿಸೋದು ಅದಕ್ಕೇ. ಭೂಮಿ ಮೇಲೂ ಅಷ್ಟೇ, ಒಂದು ಸಲ ‘ಆಯ್ತು’ ಅಂದವರನ್ನ ದಿನಾ ತಿರುಗಿಸುತ್ತಿದ್ದರೆ ಸ್ಕ್ರೂವಿನ ಗೀರು ಸವೆದುಹೋಗುತ್ತೆ. ಹೊಂದಾಣಿಕೆಗೆ ಒಂದು ಕೊನೆಯ ದಿನ ಇರಬೇಕು.

ತಂಗಿ ಮನೆಯಲ್ಲಿ ಒಂದು ಭಾನುವಾರ ಎಲ್ಲರೂ ಕೂತೆವು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ, ಯಾವುದು ನಿಜವಾಗಿ ಫಿಕ್ಸ್ ಅಂತ ಬರೆಯುತ್ತಾ ಹೋದೆವು. ಅಂಗಡಿಗೆ ಹತ್ತೂವರೆಗೆ ಮೊದಲು ಗಿರಾಕಿಗಳು ಬರೋದೇ ಅಪರೂಪ ಅಂತ ಭಾವನೇ ಹೇಳಿದರು. ಅಲ್ಲಿಯವರೆಗೆ ಸುಮ್ಮನಿದ್ದ ಅವರ ತಂದೆ, ‘ಅನ್ನಕ್ಕ ನಾ ಇಡ್ತೀನಿ ಬಿಡ್ರಿ’ ಅಂದರು.

ನಮ್ಮಪ್ಪನೂ ಬಂದಿದ್ದರು. ಕರ್ಜಗಿ ಅಂದ್ರೆ ನಮ್ಮ ಭಾಗದಲ್ಲಿ ಕಾರಹುಣ್ಣಿಮೆಗೆ ಹೆಸರಾದ ಊರು, ಎತ್ತುಗಳ ಹಬ್ಬ. ಅಪ್ಪನಿಗೆ ಎತ್ತಿನ ಮಾತು ಬಿಟ್ಟರೆ ಬೇರೆ ಉದಾಹರಣೆ ಬರಲ್ಲ. ‘ಜೋಡೆತ್ತಿನ್ಯಾಗ ಒಂದು ಸೋತಿದ್ರ ನಾವು ಅದಕ್ಕ ಹೊಂದ್ಕೋ ಅಂತ ಬಾರುಕೋಲು ತೋರ್ಸಂಗಿಲ್ಲ. ನೊಗದ ಮ್ಯಾಲ ಮಿಣಿ ಕಟ್ಟೋದನ್ನ ಗಟ್ಟಿ ಎತ್ತಿನ ಕಡೆ ಒಂದು ನಾಕು ಬೆರಳು ಸರಿಸ್ತೀವಿ’ ಅಂದರು. ಮಿಣಿ ಸರಿದರೆ ಸೋತ ಎತ್ತಿನ ಕಡೆ ನೊಗದ ತೋಳು ಉದ್ದವಾಗುತ್ತೆ, ಅದರ ಪಾಲಿನ ಭಾರ ಇಳಿಯುತ್ತೆ. ನಾನು ಕಂಪ್ಯೂಟರಿನಲ್ಲಿ ಮಿಲಿಮೀಟರ್ ಲೆಕ್ಕ ಹಾಕುವ ವಿಷಯವೇ ಅದು.

ಎಲ್ಲವೂ ಸುಖಾಂತ ಆಯ್ತು ಅಂತ ಅಲ್ಲ. ಬೆಳಗಿನ ಹೊತ್ತಿಗೆ ಓಣಿಯ ಒಬ್ಬ ಹೆಂಗಸನ್ನ ಗೊತ್ತು ಮಾಡಿದರು. ತಂಗಿಯ ಕೆಲಸ ಉಳೀತು, ಆ ವರ್ಷದ ಪ್ರಮೋಷನ್ ಪರೀಕ್ಷೆ ಹೋಯ್ತು. ಅವಳೂ ಒಂದು ಸುತ್ತು ತಿರುಗಿದ್ದಾಳೆ. ಆದರೆ ಅದು ಹಾಳೆಯ ಮೇಲೆ ಅವಳ ಹೆಸರಿನ ಮುಂದೆ ಬರೆದಿದೆ, ಭಾವನ ಹೆಸರಿನ ಮುಂದೆಯೂ ಬರೆದಿದೆ.

ಮುಂದಿನ ಸಲ ನಿಮಗೆ ಯಾರಾದರೂ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ತಕ್ಷಣ ಜಗಳಕ್ಕೆ ಇಳಿಯೋದು ಬೇಡ. ಯಾವ ದಿಕ್ಕಿಗೆ, ಎಷ್ಟು, ಎಲ್ಲಿಯವರೆಗೆ ಅಂತ ಕೇಳಿ. ಉಳಿದ ನಾಲ್ಕು ದಿಕ್ಕನ್ನ ಯಾರು ಹಿಡ್ಕೋತಾರೆ ಅಂತಲೂ ಕೇಳಿ. ಆದರೆ ಇದಕ್ಕಿಂತ ಮುಖ್ಯವಾದದ್ದು, ಓದುತ್ತಿರುವ ನೀವು ನಾನು ಎಲ್ಲರೂ ಇಷ್ಟು ಹೊತ್ತಿಗೆ ಇನ್ಯಾರಿಗೋ ಆ ಮಾತು ಹೇಳುವ ಜಾಗಕ್ಕೆ ಬಂದಿರ್ತೀವಿ. ಟೀಮಿನ ಜೂನಿಯರ್‌ಗೆ, ಮನೆಗೆಲಸದ ಅಮ್ಮನಿಗೆ, ಹೆಂಡತಿಗೆ, ಊರಲ್ಲಿರುವ ತಮ್ಮನಿಗೆ. ಸ್ಕ್ರೂ ನಮ್ಮ ಕೈಯಲ್ಲಿದ್ದಾಗ ಎಲ್ಲವೂ ‘ಸ್ವಲ್ಪ’ ಅಂತಲೇ ಅನ್ನಿಸುತ್ತೆ. ತಿರುಗಿಸುವ ಮೊದಲು ಎದುರಿನವರಿಗೆ ನಾವು ಬಿಟ್ಟಿರುವ ಜಾಗ ಎಷ್ಟು ಮಿಲಿಮೀಟರ್ ಅಂತ ಒಮ್ಮೆ ಅಳೆದು ನೋಡಬೇಕು. ಕಮ್ಮಿ ಇದ್ದರೆ ಮೊದಲು ಸರಿಯಬೇಕಾದ್ದು ನಮ್ಮ ಕಡೆಯ ಮಿಣಿ.